ಸಾಗರದಿಂದ ಲಂಡನ್‌ಗೆ ಎಷ್ಟು ಹೊತ್ತು? ಮನೆಯಲ್ಲೇ ಲೆಕ್ಕ ಹಾಕಿ

ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮ ಕಡೆ ಜಾಸ್ತಿ, ಹಾಗಾಗಿ ದೇವನಹಳ್ಳಿ ಏರ್‌ಪೋರ್ಟ್ ಬಾಡಿಗೆಯೂ ಜಾಸ್ತಿ. ಕಾರು ಹತ್ತಿದ ಕೂಡಲೇ ಕೇಳುತ್ತಾರೆ: "ಮಾರಾಯ, ಆ ಲಂಡನ್ ಎಷ್ಟು ದೂರ? ಎಷ್ಟು ಹೊತ್ತು ಕೂರಬೇಕು?"

ದೂರ ನೋಡಲು ಗೋಡೆಯ ಮ್ಯಾಪಿಗೆ ಸ್ಕೇಲ್ ಇಡಬೇಡಿ. ಭೂಮಿ ಗುಂಡಗಿದೆ, ಮ್ಯಾಪ್ ಚಪ್ಪಟೆ. ಮೊಮ್ಮಕ್ಕಳ ಗ್ಲೋಬ್ ತಗೊಳ್ಳಿ. ಬೆಂಗಳೂರಿನ ಮೇಲೆ ದಾರದ ತುದಿ ಒತ್ತಿ ಹಿಡಿದು ಲಂಡನ್ ತನಕ ಬಿಗಿಯಾಗಿ ಎಳೆಯಿರಿ. ಅಷ್ಟು ದಾರವನ್ನು ಸಮಭಾಜಕ ವೃತ್ತದ ಮೇಲೆ ಇಟ್ಟು, ಎಷ್ಟು ಸಲಕ್ಕೆ ಒಂದು ಸುತ್ತು ಆಗುತ್ತದೆ ನೋಡಿ. ಹೆಚ್ಚುಕಡಿಮೆ ಐದು ಸಲ. ಪೂರ್ತಿ ಸುತ್ತು 40,000 ಕಿ.ಮೀ., ಅಂದರೆ ಲಂಡನ್ ಸುಮಾರು 8,000.

ದೊಡ್ಡ ಜೆಟ್ ವಿಮಾನ ಗಂಟೆಗೆ 850 ಕಿ.ಮೀ. ಹೋಗುತ್ತದೆ ಅಂತ ಹಿಡಿದು ಭಾಗಿಸಿ. ಏರೋದು, ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿ. ಹತ್ತು ಗಂಟೆ ಬಂತಲ್ವಾ? ಆದರೆ ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತಿರುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಹೋಗಲು ಇನ್ನೊಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಯಾವುದಾದರೂ ದೇಶ ತನ್ನ ಆಕಾಶ ಮುಚ್ಚಿದ್ದರೆ ಸುತ್ತಿ ಹೋಗಬೇಕು, ಆಗ ಮತ್ತೂ ತಡ.

ಟಿಕೆಟ್ ನೋಡಿ ಗಾಬರಿ ಆಗುವವರೂ ಇದ್ದಾರೆ. ಮಧ್ಯಾಹ್ನ 1:30ಕ್ಕೆ ಹೊರಟು ಸಂಜೆ 6:50ಕ್ಕೆ ತಲುಪುತ್ತದೆ ಅಂತಿದ್ದರೆ ಅದು 5 ಗಂಟೆ 20 ನಿಮಿಷದ ಪ್ರಯಾಣ ಅಲ್ಲ. ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ಅವರದ್ದು. ಚಳಿಗಾಲದಲ್ಲಿ ಲಂಡನ್ ನಮಗಿಂತ 5:30 ಗಂಟೆ ಹಿಂದೆ. ಅದನ್ನು ಕೂಡಿಸಿ, 10 ಗಂಟೆ 50 ನಿಮಿಷ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ಅವರು ಗಡಿಯಾರ ಮುಂದಿಡುತ್ತಾರೆ, ಆಗ 4:30 ಮಾತ್ರ ಕೂಡಿಸಿ.

ಎಲ್ಲಕ್ಕಿಂತ ಅಪಾಯ ಮಧ್ಯರಾತ್ರಿಯ ವಿಮಾನ. ಟಿಕೆಟ್‌ನಲ್ಲಿ 15ನೇ ತಾರೀಕು 00:40 ಅಂತಿದ್ದರೆ 15ರ ರಾತ್ರಿ ಹೋಗೋದಲ್ಲ! ಅದು 14ರ ರಾತ್ರಿ ಊಟ ಆದ ಮೇಲಿನ ಹೊತ್ತು. ಮೂರು ಗಂಟೆ ಮೊದಲು ಏರ್‌ಪೋರ್ಟಿನಲ್ಲಿರಬೇಕು, ಅಂದರೆ 14ರ ರಾತ್ರಿ 9:40. ಸಾಗರದಿಂದ ನಾನು ಎಂಟು ಗಂಟೆ ಹಿಡಿಯುತ್ತೇನೆ, ಊಟ ಕಾಫಿ ಸೇರಿ. ಟೈರು ಪಂಕ್ಚರಾದರೆ, ರಸ್ತೆಗೆ ಮರ ಬಿದ್ದಿದ್ದರೆ ಅಂತ ಮೇಲೆ ಒಂದು ಗಂಟೆ. 14ರ ಮಧ್ಯಾಹ್ನ ಹನ್ನೆರಡೂವರೆಗೆ ಮನೆ ಬಿಡಿ. ಆಷಾಢದ ಮಳೆಯಲ್ಲಿ ಹನ್ನೊಂದಕ್ಕೇ ಹೊರಡಿ ಅನ್ನುತ್ತೇನೆ.

ತುಮಕೂರು ದಾಟಿದ ಮೇಲೆ ಬೆಂಗಳೂರು ಒಳಗೆ ಹೋಗಲೇಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ. ಹೆಬ್ಬಾಳದ ಟ್ರಾಫಿಕ್ ಸಿಗುವುದಿಲ್ಲ.

2023ರಿಂದ ಶಿವಮೊಗ್ಗದ ಹತ್ತಿರ ಸೊಗಾನೆಯಲ್ಲೂ ಏರ್‌ಪೋರ್ಟ್ ಇದೆ ನಿಜ. ಆದರೆ ಬೆಂಗಳೂರಿಗೆ ಒಂದು ಟಿಕೆಟ್, ಲಂಡನ್‌ಗೆ ಬೇರೆ ಟಿಕೆಟ್ ಅಂತ ಮಾಡಿಸಿದ್ದರೆ, ಮೊದಲನೆಯದು ತಡವಾದರೆ ಎರಡನೆಯದು ಕಾಯುವುದಿಲ್ಲ. ಹಾಗೆ ಹೋಗುವವರು ಹಿಂದಿನ ದಿನವೇ ಬೆಂಗಳೂರಿನಲ್ಲಿರಿ. (ಬಾಡಿಗೆ ಆಸೆಗೆ ಹೇಳಿದ್ದಲ್ಲ!)

ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕಿ, ಕೈಚೀಲಕ್ಕೆ ಬೇಡ. ತಪಾಸಣೆಯಲ್ಲಿ ಅದನ್ನು ತೆಗೆಸಿದರೆ ಅರ್ಧ ಗಂಟೆಯೂ ಹೋಯಿತು, ಮಿಡಿಯೂ ಹೋಯಿತು.