ಇಡೀ ಮನೆಗೆ 777

ರಾತ್ರಿ ಹತ್ತೂವರೆಗೆ ಸಂಪಾದಕರ ಫೋನ್: “ಚಿತ್ರ ಏರುತ್ತಲೇ ಇಲ್ಲ, ಸ್ವಲ್ಪ ನೋಡಿ.” ಅವರ ಪತ್ರಿಕೆಯ ವರ್ಡ್‌ಪ್ರೆಸ್ ತಾಣವನ್ನು ನೋಡಿಕೊಳ್ಳುವವನು ನಾನು. ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ದೂರದಿಂದಲೇ ಒಳಹೋಗಲು ಬಿಡುವ ಎಸ್‌ಎಸ್‌ಎಚ್ ಮೂಲಕ ಸರ್ವರ್ ಹೊಕ್ಕು, ಅವಸರದ ಮದ್ದಾದ ‘ಸಿಎಚ್‌ಮಾಡ್ -ಆರ್ 777’ ಕೊಟ್ಟೆ. ಫೋಲ್ಡರನ್ನೂ ಅದರೊಳಗಿನ ಎಲ್ಲವನ್ನೂ ಎಲ್ಲರಿಗೂ ಬಿಟ್ಟುಕೊಡುವ ಆಜ್ಞೆ ಅದು. ಮೂರು ಅಂಕಿಗಳು ಕ್ರಮವಾಗಿ ಒಡೆಯ, ಗುಂಪು, ಉಳಿದವರಿಗೆ: ಓದಲು 4, ತಿದ್ದಲು 2, ಚಲಾಯಿಸಲು 1, ಕೂಡಿದರೆ 7. ಅಪ್‌ಲೋಡ್ಸ್ ಫೋಲ್ಡರಿನಲ್ಲಿದ್ದೇನೆ ಎಂದುಕೊಂಡಿದ್ದೆ. ಇದ್ದದ್ದು ಹೋಮ್ ಡೈರೆಕ್ಟರಿಯಲ್ಲಿ, ಅಂದರೆ ಸರ್ವರಿನಲ್ಲಿ ನನ್ನ ಖಾತೆಯ ಮನೆಯಂಥ ಫೋಲ್ಡರಿನಲ್ಲಿ.

ತಾಣವೂ ಅದರೊಳಗೇ ಇದ್ದುದರಿಂದ ಚಿತ್ರವೇನೋ ಏರಿತು. ಸಂಪಾದಕರು ಮಲಗಿದರು. ನಾನು ಇನ್ನೊಂದು ಕಿಟಕಿ ತೆರೆದು ಲಾಗಿನ್ ಆಗಲು ಹೋದರೆ ‘ಪರ್ಮಿಷನ್ ಡಿನೈಡ್’. ಪಾಸ್‌ವರ್ಡಿನ ಬದಲು ಬಳಸುವ ಕೀ ಕಡತ ಅದೇ, ಲ್ಯಾಪ್‌ಟಾಪ್ ಅದೇ. ಪುಣ್ಯಕ್ಕೆ ಹಳೆಯ ಕಿಟಕಿ ಮುಚ್ಚಿರಲಿಲ್ಲ. ಒಮ್ಮೆ ಒಳಗೆ ಬಂದವನನ್ನು ಇಂಥ ಬದಲಾವಣೆ ಹೊರದಬ್ಬುವುದಿಲ್ಲ. ಅಲ್ಲಿಂದಲೇ ಲಾಗ್ ನೋಡಿದೆ. ಹೋಮ್ ಡೈರೆಕ್ಟರಿಯ ಒಡೆತನ ಅಥವಾ ಅನುಮತಿ ಸರಿಯಿಲ್ಲ, ಕೀ ಒಪ್ಪುವುದಿಲ್ಲ ಎಂದಿತ್ತು. ಸಿಟ್ಟು ಬಂದರೂ ಅದರ ವಾದ ನ್ಯಾಯವಾದದ್ದೇ: ಯಾರನ್ನು ಒಳಬಿಡಬೇಕೆಂಬ ಕೀ ಪಟ್ಟಿ ಇರುವುದು ಹೋಮ್‌ನೊಳಗೇ; ಯಾರು ಬೇಕಾದರೂ ತಿದ್ದಬಹುದಾದ ಅದನ್ನು ನಂಬುವುದು ಹೇಗೆ? ಹೋಮ್‌ಗೆ 755, ಎಸ್‌ಎಸ್‌ಎಚ್ ಫೋಲ್ಡರಿಗೆ 700, ಕೀ ಪಟ್ಟಿಯ ಕಡತಕ್ಕೆ 600 ಕೊಟ್ಟ ಮೇಲೆ ಎರಡನೆಯ ಕಿಟಕಿ ತೆರೆಯಿತು. ಆಗ ಉಸಿರು ಬಂತು.

ಇನ್ನು ತಾಣದ ಸರದಿ. ಎಲ್ಲಕ್ಕೂ 644 ಎಂದುಬಿಟ್ಟರೆ ಫೋಲ್ಡರುಗಳ ‘ಎಕ್ಸ್’, ಅಂದರೆ ಚಲಾಯಿಸುವ ಆ 1, ಹೋಗುತ್ತದೆ. ಫೋಲ್ಡರಿಗೆ ಎಕ್ಸ್ ಎಂದರೆ ಹೊಸಿಲು ದಾಟುವ ಅನುಮತಿ. ಜಾಣತನ ಮಾಡಿ ಸಿಎಚ್‌ಮಾಡ್‌ಗೆ ಅಂಕಿಯ ಬದಲು ದೊಡ್ಡಕ್ಷರದ ‘ಎಕ್ಸ್’ ಬಳಸಿದೆ. ಫೋಲ್ಡರಿಗೆ ಮಾತ್ರ ಎಕ್ಸ್ ಕೊಡುತ್ತದೆ ಎಂದು ನಾನು ನಂಬಿದ್ದ ಆ ಅಕ್ಷರ ಇಲ್ಲಿ ಕೈಕೊಟ್ಟಿತು. ಮೊದಲೇ ಎಕ್ಸ್ ಇರುವ ಕಡತಗಳಿಗೂ ಅದು ಎಕ್ಸ್ ಉಳಿಸುತ್ತದೆ. 777ರ ಕೃಪೆಯಿಂದ ಪ್ರತಿ ಜೆಪೆಗ್ ಚಿತ್ರಕ್ಕೂ ಅದು ಅಂಟಿಕೊಂಡಿತ್ತು. ಕೊನೆಗೆ ಹುಡುಕುವ ಆಜ್ಞೆ ‘ಫೈಂಡ್’ ಹಿಡಿದು ಫೋಲ್ಡರುಗಳನ್ನು ಬೇರೆ, ಕಡತಗಳನ್ನು ಬೇರೆ ಹೆಕ್ಕಿದೆ: ಅವಕ್ಕೆ 755, ಇವಕ್ಕೆ 644.

ಮೂಲ ರೋಗಕ್ಕೂ ಅನುಮತಿಯ ಅಂಕಿಗೂ ನೇರ ಸಂಬಂಧವಿರಲಿಲ್ಲ. ಹಿಂದಿನ ವಾರ ಬ್ಯಾಕಪ್‌ನಿಂದ ಅಪ್‌ಲೋಡ್ಸ್ ಅನ್ನು ಮರಳಿ ತಂದವನು ನಾನೇ, ಹಾಗಾಗಿ ಒಡೆತನವೂ ನನ್ನ ಹೆಸರಿಗೇ ಬಂದಿತ್ತು. ವರ್ಡ್‌ಪ್ರೆಸ್ ನಡೆಸುವ ಪಿಎಚ್‌ಪಿ ಓಡುತ್ತಿದ್ದುದು ವೆಬ್ ಸರ್ವರಿನ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ, ಹಾಗಾಗಿ ಅದಕ್ಕೆ ಅಲ್ಲಿ ಬರೆಯಲಾಗುತ್ತಿರಲಿಲ್ಲ. ಅಪ್‌ಲೋಡ್ಸ್ ಮತ್ತು ಅದರೊಳಗಿನ ಫೋಲ್ಡರುಗಳ ಗುಂಪನ್ನು ಅವನದಕ್ಕೆ ಬದಲಿಸಿ 2775 ಕೊಟ್ಟೆ. ಮುಂದಿರುವ ಆ 2ರಿಂದಾಗಿ ಒಳಗೆ ಹೊಸದಾಗಿ ಹುಟ್ಟುವ ಕಡತಗಳೂ ಅದೇ ಗುಂಪಿಗೆ ಸೇರುತ್ತವೆ. ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗ್ ಕಡತಕ್ಕೂ ಅದೇ ಗುಂಪು, ಆದರೆ 640.

ಕೆಲವು ತಿಂಗಳ ಬಳಿಕ ಹೊಸ ಸರ್ವರಿಗೆ ಹೋದಾಗ ಇಡೀ ತಾಣ 403, ಅಂದರೆ ಪ್ರವೇಶವಿಲ್ಲ, ಎಂದಿತು. ಕಡತಗಳ ಅನುಮತಿ ಎಲ್ಲವೂ ಸರಿ. ‘ನೇಮ್‌ಐ -ಎಲ್’ ಎಂಬ ಆಜ್ಞೆ ದಾರಿಯಲ್ಲಿನ ಪ್ರತಿ ಫೋಲ್ಡರಿನ ಅನುಮತಿಯನ್ನು ಸಾಲಾಗಿ ತೋರಿಸುತ್ತದೆ. ಅದರಲ್ಲಿ ಹೋಮ್ ಡೈರೆಕ್ಟರಿಯ ಮುಂದೆ 750ಕ್ಕೆ ಸಮನಾದ ಅಕ್ಷರಗಳು ಕಂಡವು. ವೆಬ್ ಸರ್ವರಿನಂಥ ಹೊರಗಿನವರಿಗೆ ಅಲ್ಲಿ ಹೊಸಿಲು ದಾಟಲಾಗದು. ಉಬುಂಟು 21.04ರಿಂದ ಹೊಸ ಹೋಮ್‌ಗಳು ಹೀಗೆಯೇ ಹುಟ್ಟುತ್ತವೆ. ಈ ಸಲ ಅನುಮತಿ ಮುಟ್ಟಲಿಲ್ಲ. ತಾಣವನ್ನೇ ಹೋಮ್‌ನಿಂದ ಹೊರಕ್ಕೆ ಸಾಗಿಸಿದೆ.