ಸೋರಾ ಬಿಟ್ಟು 105ಕ್ಕೆ ಹೋಗಬೇಕಾ? ನಾನು ಲೆಕ್ಕ ಹಾಕಿದ ರೀತಿ

ನನ್ನ ರೋಡ್ ಬೈಕ್, ಅಂದರೆ ಸೈಕಲ್ಲಿನಲ್ಲಿ ಇರುವುದು ಶಿಮಾನೋ ಕಂಪನಿಯ ಸೋರಾ ಅನ್ನುವ ಗೇರ್ ಸೆಟ್, ಆರ್3000. ಹಿಂದೆ 9 ಸ್ಪೀಡ್, ಅಂದರೆ ಒಂಬತ್ತು ಹಲ್ಲಿನ ಚಕ್ರ (ಕಾಗ್), ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ ಇರುವ ಕ್ರ್ಯಾಂಕ್, ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್. ಜೊತೆಗೆ ಓಡಿಸುವವರು ಒಬ್ಬೊಬ್ಬರಾಗಿ ಶಿಮಾನೋದ್ದೇ ಮೇಲಿನ ದರ್ಜೆಯ ಸೆಟ್ ಆದ 105ಕ್ಕೆ ಹೋದರು. ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ಇಳಿದು ಕಾಫಿಗೆ ನಿಂತರೆ ಮಾತು ಅಲ್ಲಿಗೇ ಬರುತ್ತಿತ್ತು. "ನೀನೂ ಬದಲಾಯಿಸಿಬಿಡು ಗುರು" ಅನ್ನುವುದು ಸುಲಭ. ದುಡ್ಡು ಅವರದಲ್ಲವಲ್ಲ.

ಆಸೆ ನನಗೂ ಇತ್ತು. ಆದರೆ ಅಂಗಡಿಗೆ ಹೋಗುವ ಮೊದಲು, ಈಗಿನ ಗೇರಿನ ಮೇಲೆ ನನ್ನ ದೂರು ಏನು ಅಂತ ಒಂದು ಚೀಟಿಯಲ್ಲಿ ಬರೆದೆ. ಹಿಂದಿನ ಗೇರ್ ತಡವಾಗಿ ಬೀಳುತ್ತದೆ, ನಡುವಿನ ಕಾಗ್‌ಗಳಲ್ಲಿ ಕಟಕಟ ಸದ್ದು. ಕಡಿದಾದ ಏರಿನಲ್ಲಿ ಗೇರ್ ಸಾಲುವುದಿಲ್ಲ. ಮತ್ತೆ, ಹ್ಯಾಂಡಲ್ ಮೇಲಿನ 105 ಗೇರ್ ಲಿವರ್ ಒತ್ತಿದರೆ ಸಿಗುವ ಆ ಹಿತ ನನ್ನದರಲ್ಲಿ ಇಲ್ಲ. ಬರೆದ ಮೇಲೆ ಕಂಡಿದ್ದು, ಇವು ಒಂದಕ್ಕೊಂದು ಸಂಬಂಧವೇ ಇಲ್ಲದ ದೂರುಗಳು. ಎಲ್ಲವನ್ನೂ ಸೇರಿಸಿ "ನನ್ನ ಗೇರ್ ಸರಿ ಇಲ್ಲ" ಅಂದುಕೊಂಡಿದ್ದಕ್ಕೇ ಹೊಸ ಸೆಟ್ ಬೇಕು ಅನ್ನಿಸುತ್ತಿತ್ತು.

ಮೊದಲು ಸದ್ದಿನ ವಿಷಯ. ಗೇರ್ ಕೇಬಲ್ ಬಿಚ್ಚಿ ನೋಡಿದೆ. ಗೇರನ್ನು ಅತಿ ಚಿಕ್ಕ ಕಾಗ್‌ಗೆ ಇಳಿಸಿದರೆ ಲಿವರಿನ ಒಳಗಿನ ಕೇಬಲ್ ತಲೆ ತೂತಿನ ಎದುರು ಬರುತ್ತದೆ. ಆಮೇಲೆ ಹಿಂದೆ ಡಿರೈಲರ್ (ಚೈನನ್ನು ಒಂದು ಕಾಗ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹತ್ತಿರ ಬೋಲ್ಟ್ ಸಡಿಲಿಸಿ ಕೇಬಲನ್ನು ತಳ್ಳಬೇಕು. ತಲೆ ಹೊರಗೆ ಬಂತು. ಅದರ ಬುಡದಲ್ಲಿ ಕೆಲವು ಎಳೆ ಕಿತ್ತು ಪೊರಕೆ ಕಡ್ಡಿಯ ಹಾಗೆ ನಿಂತಿದ್ದವು. ಲಿವರ್ ಒಳಗೆ ಕೇಬಲ್ ಬಿಗಿಯಾಗಿ ಬಾಗುವ ಜಾಗ ಅದು, ಯಾವ ಸೆಟ್ ಆದರೂ ಸವೆಯುವುದು ಅಲ್ಲೇ. ಗಮನಿಸದೆ ಬಿಟ್ಟಿದ್ದರೆ ಒಂದಿನ ಪೂರ್ತಿ ಕಡಿದು, ಸ್ಪ್ರಿಂಗ್ ಚೈನನ್ನು 11 ಹಲ್ಲಿನ ಅತಿ ಚಿಕ್ಕ ಕಾಗ್‌ಗೆ ಎಳೆದುಕೊಂಡು ಹೋಗುತ್ತಿತ್ತು. ಏರಿನ ಮಧ್ಯೆ ಹಾಗಾದರೆ ಬೈಕ್ ತಳ್ಳಿಕೊಂಡು ಹೋಗುವುದೇ ಗತಿ. ತುಂಡಾದ ತಲೆ ಲಿವರ್ ಒಳಗೆ ಸಿಕ್ಕಿಕೊಂಡರೆ ಅದನ್ನು ತೆಗೆಯುವುದು ಇನ್ನೊಂದು ತಲೆನೋವು.

ಹಿಂದಿನ ಡಿರೈಲರ್‌ಗೆ ಸುತ್ತಿ ಬರುವ ಹೌಸಿಂಗ್ (ಕೇಬಲಿನ ಹೊರಕವಚ) ತುಂಡನ್ನೂ ಬಿಚ್ಚಿದೆ. ಮಳೆಗಾಲದಲ್ಲಿ ಚಕ್ರ ಎರಚುವ ನೀರೆಲ್ಲ ಅದಕ್ಕೇ ಬೀಳುವುದು. ಒಳಗಿಂದ ಕೆಂಪು ಕೆಸರಿನಂಥ ನೀರು ಬಂತು. ಹೊಸ 1.2 ಮಿಲಿಮೀಟರ್ ಸ್ಟೇನ್‌ಲೆಸ್ ಕೇಬಲ್, 4 ಮಿಲಿಮೀಟರ್ ಗೇರ್ ಹೌಸಿಂಗ್, ತುದಿಗೆ ಹೊಸ ಕ್ಯಾಪ್ ಹಾಕಿದೆ. ಗೇರಿಗೆ ಬ್ರೇಕಿನ ಹೌಸಿಂಗ್ ಹಾಕಬೇಡಿ. ಅದರೊಳಗೆ ತಂತಿ ಸುರುಳಿಯಾಗಿ ಇರುತ್ತದೆ, ಎಳೆದಾಗ ಸ್ವಲ್ಪ ಕುಗ್ಗುತ್ತದೆ, ಒಂದು ಕ್ಲಿಕ್ಕಿಗೆ ಒಂದು ಕಾಗ್ ಅನ್ನುವ ಹೊಂದಿಕೆ (ಇಂಡೆಕ್ಸ್) ನಿಲ್ಲುವುದಿಲ್ಲ.

ಹ್ಯಾಂಗರ್ ನೋಡಿಸಲು ಮಾತ್ರ ಮೆಕ್ಯಾನಿಕ್ ಹತ್ತಿರ ಹೋದೆ, ಆ ಟೂಲ್ ನನ್ನ ಬಳಿ ಇಲ್ಲ. ಹ್ಯಾಂಗರ್ ಅಂದರೆ ಡಿರೈಲರ್ ನೇತಾಡುವ ಚಿಕ್ಕ ಅಲ್ಯುಮಿನಿಯಂ ತುಂಡು. ಬೈಕ್ ಬಲಗಡೆಗೆ ಬಿದ್ದರೆ ಫ್ರೇಮ್ ಉಳಿಯಲಿ, ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅವರು ಡಿರೈಲರ್ ಬಿಚ್ಚಿ, ಆ ತೂತಿಗೆ ಉದ್ದ ಕೋಲಿನ ಟೂಲ್ ತಿರುಗಿಸಿ ಹಾಕಿ, ಕೋಲಿನ ತುದಿಯಿಂದ ರಿಮ್‌ಗೆ ಎಷ್ಟು ದೂರ ಅಂತ ಮೇಲೆ, ಕೆಳಗೆ, ಹಿಂದೆ, ಮುಂದೆ ಅಳೆದರು. ಮೇಲೆ ರಿಮ್‌ಗೆ ತಾಗುತ್ತಿದ್ದ ತುದಿ ಕೆಳಗೆ ಬಂದಾಗ ಒಂದು ಬೆರಳು ದೂರ ಇತ್ತು. ಅಷ್ಟು ಬಾಗಿದ್ದರೆ ಸಾವಿರಾರು ರೂಪಾಯಿಯ ಡಿರೈಲರ್ ಹಾಕಿದರೂ ಕಟಕಟ ಅನ್ನುತ್ತಲೇ ಇರುತ್ತಿತ್ತು. ಮೆಲ್ಲಗೆ ಒತ್ತಿ ನೇರ ಮಾಡಿದರು. ಸದ್ದು ಹೋಯಿತು. ತಡವಾಗಿ ಬೀಳುವುದೂ ಹೋಯಿತು.

ಚೈನನ್ನು ಸ್ಕೇಲ್ ಇಟ್ಟು ನೋಡಿದೆ. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಪಿನ್ ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಅರ್ಧ ಪರ್ಸೆಂಟ್ ಸವೆದಿದೆ ಅಂತ. ನನ್ನದು ಅದನ್ನು ದಾಟಿತ್ತು. ಚೈನ್ ಹೇಗೂ ಬದಲಾಯಿಸಬೇಕಿತ್ತು.

ಇನ್ನು ಏರು. ಊಟಿಗೆ ಮಸಿನಗುಡಿ ಕಡೆಯಿಂದ ಹತ್ತುವ ಕಲ್ಹಟ್ಟಿ ಘಾಟಿ ಮನಸ್ಸಿನಲ್ಲಿತ್ತು, 36 ಹೇರ್‌ಪಿನ್ ತಿರುವು. ಚಾಮುಂಡಿ ಬೆಟ್ಟ ಅದರ ಮುಂದೆ ಏನೂ ಅಲ್ಲ. ನನ್ನ ಅತಿ ಹಗುರ ಗೇರ್ ಮುಂದೆ 34 ಹಲ್ಲು, ಹಿಂದೆ 28. ನಿಮಿಷಕ್ಕೆ 60 ಸಲ ಪೆಡಲ್ ತುಳಿದರೆ ಅದರಲ್ಲಿ ಗಂಟೆಗೆ 9 ಕಿಲೋಮೀಟರ್ ಮೇಲೆ ವೇಗ ಬರುತ್ತದೆ. ಕಡಿದಾದ ಏರಿನಲ್ಲಿ ಆ ವೇಗ ಹಿಡಿಯಲು ನನ್ನ ಕಾಲಲ್ಲಿ ಶಕ್ತಿ ಇಲ್ಲ. ಪೆಡಲ್ ನಿಧಾನವಾಗುತ್ತದೆ, ಮಂಡಿ ನೋಯುತ್ತದೆ.

ಗೆಳೆಯನ 105 ಬೈಕ್ ಕೇಳಿ ಪಡೆದು ಬೆಟ್ಟ ಹತ್ತಿದ್ದು ಇದನ್ನು ನೋಡಲಿಕ್ಕೇ. ಲಿವರ್ ನಿಜಕ್ಕೂ ಚೆನ್ನ. ಸಣ್ಣ ಒತ್ತು ಸಾಕು, ಮುಂದಿನ ಗೇರಂತೂ ಬೆಣ್ಣೆ. ಆದರೆ ಅವನ ಹಿಂದಿನ ದೊಡ್ಡ ಕಾಗ್ 30. ನನ್ನ 28ಕ್ಕೂ ಅದಕ್ಕೂ ಏರಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಹಲ್ಲಿನ ಲೆಕ್ಕ ಬದಲಾಗದೆ ಏರು ಹಗುರ ಆಗುವುದಿಲ್ಲ ಅಲ್ವಾ?

ಡಿರೈಲರಿನ ಹಿಂಬದಿ ನೋಡಿದರೆ ಜಿಎಸ್ ಅಂತ ಇತ್ತು, ಚೈನಿನ ಸಡಿಲ ಎಳೆದುಕೊಳ್ಳುವ ಕೈ (ಕೇಜ್) ಉದ್ದ ಇರುವುದು. ಅದು 34 ಹಲ್ಲಿನ ಕಾಗ್ ತನಕ ತೆಗೆದುಕೊಳ್ಳುತ್ತದೆ. ಅಂದಮೇಲೆ 9 ಸ್ಪೀಡ್ 11-34 ಕ್ಯಾಸೆಟ್ (11ರಿಂದ 34 ಹಲ್ಲಿನ ತನಕದ ಹಿಂದಿನ ಕಾಗ್‌ಗಳ ಗೊಂಚಲು) ತಂದರೆ ಮುಗಿಯಿತು. 34ಕ್ಕೆ 34, ಒಂದು ಸುತ್ತು ತುಳಿದರೆ ಚಕ್ರ ಒಂದೇ ಸುತ್ತು. ಅದೇ 60ರ ತುಳಿತಕ್ಕೆ ಗಂಟೆಗೆ ಏಳೂವರೆ ಕಿಲೋಮೀಟರ್. ಹೊಸ ಚೈನನ್ನು ಡಿರೈಲರ್ ಬಿಟ್ಟು ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಕಾಗ್‌ಗೂ ಸುತ್ತಿ, ಎರಡು ಲಿಂಕ್ ಜಾಸ್ತಿ ಇಟ್ಟು ಕತ್ತರಿಸಿದೆ. ಡಿರೈಲರಿನ ಮೇಲಿನ ಪುಟ್ಟ ಜಾಕಿ ಚಕ್ರ 34ಕ್ಕೆ ಉಜ್ಜುತ್ತಿತ್ತು, ಅದನ್ನು ಕಾಗ್‌ನಿಂದ ದೂರ ಸರಿಸುವ ಬಿ ಸ್ಕ್ರೂ ಬಿಗಿ ಮಾಡಿದ ಮೇಲೆ ನಿಂತಿತು.

ಹಾಗಂತ ಇದು ಪುಕ್ಕಟೆ ಅಲ್ಲ. ಹಳೆ ಕ್ಯಾಸೆಟ್ಟಿನಲ್ಲಿ 11, 12, 13, 14 ಅಂತ ಒತ್ತೊತ್ತಾಗಿ ಕಾಗ್‌ಗಳಿದ್ದವು. ಹೊಸದರಲ್ಲಿ 11, 13, 15, 17, ಅಲ್ಲಿಂದ ನೇರ 20. ನಂಜನಗೂಡು ರಸ್ತೆಯಲ್ಲಿ ಎದುರುಗಾಳಿಗೆ ಗುಂಪಿನ ಜೊತೆ ಹೋಗುವಾಗ 17 ಭಾರ, 20 ತೀರಾ ಹಗುರ ಅನ್ನಿಸುತ್ತದೆ. ಬೇಕಾಗಿರುವುದು ನಡುವಿನ 18 ಅಥವಾ 19, ಅದು ಇಲ್ಲ. 105ರ 11 ಸ್ಪೀಡಿನ 11-34ರಲ್ಲಿ 17 ಆದಮೇಲೆ 19, 21, 23 ಅಂತ ಹೋಗುತ್ತದೆ. ನನ್ನ ಪ್ರಕಾರ 105ಕ್ಕೆ ಹೋಗಲು ಇರುವ ಗಟ್ಟಿ ಕಾರಣ ಇದೊಂದೇ. ಸದಾ ಗುಂಪಿನಲ್ಲಿ ಜೋರಾಗಿ ಓಡಿಸುವವರಿಗೆ, ರೇಸ್ ಮಾಡುವವರಿಗೆ ಆ ನಡುವಿನ ಗೇರ್ ಬೇಕೇ ಬೇಕು. ನಾನು ಹೆಚ್ಚಾಗಿ ಒಬ್ಬನೇ ಓಡಿಸುವವನು. ಎರಡು ನಿಮಿಷ ತುಳಿತ ಬದಲಿಸಿಕೊಂಡರೆ ನಡೆಯುತ್ತದೆ.

ಹೋಗುವುದಾದರೆ ಏನೇನು ಬದಲಾಗಬೇಕು ಅಂತಲೂ ನೋಡಿದೆ. ಡಿರೈಲರ್ ಒಂದನ್ನು ಮಾತ್ರ 105 ಹಾಕೋಣ ಅಂದರೆ ಆಗುವುದಿಲ್ಲ. ಒಂದು ಕ್ಲಿಕ್ಕಿಗೆ ಲಿವರ್ ಎಷ್ಟು ಕೇಬಲ್ ಎಳೆಯುತ್ತದೆ ಅನ್ನುವುದು 9 ಸ್ಪೀಡಿನಲ್ಲಿ ಒಂದು, 11ರಲ್ಲಿ ಇನ್ನೊಂದು. ಲಿವರ್, ಎರಡೂ ಡಿರೈಲರ್, ಕ್ಯಾಸೆಟ್, ಚೈನ್ ಒಟ್ಟಿಗೇ ಬರಬೇಕು. ಕ್ರ್ಯಾಂಕ್ ಹಾಗೇ ಉಳಿಸಿಕೊಂಡು ಓಡಿಸುವವರಿದ್ದಾರೆ. ಇನ್ನು 12 ಸ್ಪೀಡ್ 105 ನನ್ನ ಫ್ರೇಮಿಗೆ ಆಗುವ ಮಾತಲ್ಲ. 2022ರಲ್ಲಿ ಬಂದ ಎಲೆಕ್ಟ್ರಾನಿಕ್ ಆಗಲಿ, 2023ರ ಕೇಬಲ್ ಸೆಟ್ ಆಗಲಿ, ಎರಡೂ ಡಿಸ್ಕ್ ಬ್ರೇಕಿಗೆ ಮಾತ್ರ. ರಿಮ್ ಬ್ರೇಕಿನವರಿಗೆ ಉಳಿದದ್ದು ಹಳೆಯ 11 ಸ್ಪೀಡ್ ಆರ್7000. ಎಲ್ಲ ಸೇರಿಸಿ ಕೇಳಿದ ಬೆಲೆಗೆ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಬೈಕೇ ಬರುತ್ತಿತ್ತು. ಸುಮ್ನೆ ಲಿವರಿನ ಹಿತಕ್ಕೆ ಅಷ್ಟು ಕೊಡಲು ಮನಸ್ಸಾಗಲಿಲ್ಲ. ಆ ಹಿತ ಸುಳ್ಳು ಅಂತಲ್ಲ. ದುಡ್ಡು ಇರುವವರು ಅದಕ್ಕೇ ಹಾಕಿಸಿಕೊಂಡರೂ ನಾನು ನಗುವುದಿಲ್ಲ.

ಕಲ್ಹಟ್ಟಿ ಆಮೇಲೆ ಹತ್ತಿದೆ. 34-34 ಇದ್ದೂ ಕೆಲವು ತಿರುವುಗಳಲ್ಲಿ ಎದ್ದು ನಿಂತೇ ತುಳಿದೆ. 28ರಲ್ಲಿ ಆಗಿದ್ದರೆ ಇಳಿದು ನಡೆಯುತ್ತಿದ್ದೆ.

ಈಚೆಗೆ ಹಿಂದಿನ ರಿಮ್, ಬ್ರೇಕ್ ತಾಗುವ ಜಾಗದಲ್ಲಿ ಸವೆದು ಒಳಗೆ ಕುಳಿಯಾಗಿತ್ತು. ಹೊಸ ಚಕ್ರ ಕಟ್ಟಿಸುವಾಗ 11 ಸ್ಪೀಡಿನ ಹಬ್ (ಚಕ್ರದ ನಡುವಿನ ಭಾಗ) ಹಾಕಿಸಿದೆ. ಅದರಲ್ಲಿ ಕ್ಯಾಸೆಟ್ ಕೂರುವ ಭಾಗ, ಫ್ರೀಹಬ್, 1.85 ಮಿಲಿಮೀಟರ್ ಉದ್ದ ಜಾಸ್ತಿ. ಕ್ಯಾಸೆಟ್ಟಿನ ಹಿಂದೆ ಅಷ್ಟೇ ದಪ್ಪದ ಒಂದು ಸ್ಪೇಸರ್ (ಬಳೆ) ಹಾಕಿದರೆ ನನ್ನ 9 ಸ್ಪೀಡ್ ಕ್ಯಾಸೆಟ್ ಅದರ ಮೇಲೆ ಸರಿಯಾಗಿ ಕೂರುತ್ತದೆ. ಹೊಸ ಹಬ್ಬಿನ ಜೊತೆ ಸ್ಪೇಸರ್ ಡಬ್ಬದಲ್ಲೇ ಇರುತ್ತದಾ ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ. ಮನೆಗೆ ತಂದು ಕ್ಯಾಸೆಟ್ ಅಲ್ಲಾಡುವುದನ್ನು ನೋಡಿ ಮತ್ತೆ ಓಡುವುದು ಬೇಡ.