ಕೆಲಸ ಬೆಂಗಳೂರಿಗೆ ಹೋಯ್ತು ಅಂದವರ ಎದುರು ಕೂತು

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಹಿಕರಿ ಊರಿನ ಹತ್ತಿರ ಒಂದು ಉದ್ಯೋಗ ಕೇಂದ್ರದಲ್ಲಿ ನಾನು ಕೌನ್ಸೆಲರ್. ಇದು ಸೋಫಾ, ಮಂಚ, ಸಾಕ್ಸ್‌ಗಳ ಸೀಮೆ. ಹೊರದೇಶದ ಮಾಲು ಅಗ್ಗಕ್ಕೆ ಬರತೊಡಗಿದ ಮೇಲೆ ಇಲ್ಲಿ ಎಷ್ಟೋ ಕಾರ್ಖಾನೆಗಳು ಮುಚ್ಚಿದವು.

2016ರಲ್ಲಿ ಒಂದು ದಿನ ಬಂದವರು ಕಾರ್ಖಾನೆಯವರಲ್ಲ. ಒಂದು ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ 19 ವರ್ಷ ದುಡಿದವರು. "ನಮ್ಮ ಕೆಲಸ ಬೆಂಗಳೂರಿಗೆ ಹೋಯ್ತು" ಅಂದವರು, ನನ್ನ ಮುಖ ನೋಡಿ ಸುಮ್ಮನಾದರು. ನನ್ನ ತಮ್ಮ ಬೆಂಗಳೂರಲ್ಲಿ ಅಂಥದ್ದೇ ಆಫೀಸಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. "ನಾನೂ ಆ ಕಡೆಯವಳೇ. ಕೂತ್ಕೊಳ್ಳಿ, ಮೊದಲು ಅರ್ಜಿ ಹಾಕೋಣ" ಅಂದೆ. ಬೇರೆ ಮಾತು ತೋಚಲಿಲ್ಲ.

ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಅಂತ 1962ರಲ್ಲಿ ಶುರುವಾದ ಸರ್ಕಾರಿ ಯೋಜನೆಗೆ ಆ ಅರ್ಜಿ. ಹೊರದೇಶದ ಮಾಲಿನಿಂದಲೋ, ಕೆಲಸವೇ ಹೊರದೇಶಕ್ಕೆ ಹೋಗಿಯೋ ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸದ ತರಬೇತಿ, ಓದುವಾಗ ವಾರದ ಭತ್ಯೆ ಕೊಡುತ್ತಿತ್ತು. ಮೊದಲು ವಸ್ತು ತಯಾರಿಸುವವರಿಗೆ ಮಾತ್ರ ಇತ್ತು. 2009ರಲ್ಲಿ ಸೇವಾ ವಲಯದವರನ್ನೂ ಸೇರಿಸಿದರು. ನಡುವೆ ತೆಗೆದದ್ದೂ ಉಂಟು, 2015ರಲ್ಲಿ ಮತ್ತೆ ಬಂತು. ಕಂಪನಿ ಒಪ್ಪಬೇಕು ಅಂತೇನಿರಲಿಲ್ಲ. ಮೂವರು ಕೆಲಸಗಾರರು ಸಹಿ ಹಾಕಿದರೆ ಸಾಕಿತ್ತು, ಕಾರ್ಮಿಕ ಇಲಾಖೆ ತನಿಖೆ ಮಾಡುತ್ತಿತ್ತು. ಅರ್ಜಿಯ ದಿನಕ್ಕಿಂತ ಹಿಂದಿನ ಒಂದು ವರ್ಷದೊಳಗೆ ಕೆಲಸ ಹೋದವರಿಗೂ ಅದು ಅನ್ವಯವಾಗುತ್ತಿತ್ತು. ಅಂದರೆ ನಾವು ತಡ ಮಾಡಿದಷ್ಟೂ ಮೊದಲು ಮನೆಗೆ ಹೋದವರು ಹೊರಗುಳಿಯುತ್ತಿದ್ದರು. ಇದೇ ನನಗೆ ಯಾವಾಗಲೂ ಗಾಬರಿಯಾಗಿತ್ತು.

"ಕೆಲಸ ಎಲ್ಲಿಗೆ ಹೋಯ್ತು ಅನ್ನೋದಕ್ಕೆ ಏನಾದ್ರೂ ಇದೆಯಾ?" ಅಂತ ಕೇಳಿದೆ. ಚೀಲದಿಂದ ಮಡಚಿದ ಒಂದು ಹಾಳೆ ತೆಗೆದರು. ಕೊನೆಯ ಆರು ವಾರ ತಮ್ಮ ಜಾಗಕ್ಕೆ ಬರುವವರಿಗೆ ವಿಡಿಯೊ ಕರೆಯಲ್ಲಿ ಕೆಲಸ ಕಲಿಸಿದ ವೇಳಾಪಟ್ಟಿ. ಒಂದು ಕಾಲಂನಲ್ಲಿ ಇಲ್ಲಿನ ಬೆಳಗಿನ ಹೊತ್ತು, ಪಕ್ಕದಲ್ಲಿ ಭಾರತದ ಸಂಜೆ. ಅದನ್ನೇ ಅರ್ಜಿಗೆ ಲಗತ್ತಿಸಿದೆವು. ಮಂಜೂರಾಯಿತು.

ಆದರೆ ಮಂಜೂರಾದ ಮೇಲೇ ನಿಜವಾದ ಅಪಾಯ ಇದ್ದದ್ದು. ಕೆಲಸ ಹೋದ ದಿನ, ಮಂಜೂರಾತಿಯ ದಿನ, ಇವೆರಡರಲ್ಲಿ ಯಾವುದು ಆಮೇಲಿನದೋ ಅಲ್ಲಿಂದ 26 ವಾರದೊಳಗೆ ತರಬೇತಿಗೆ ಸೇರಬೇಕಿತ್ತು, ಇಲ್ಲವೇ ವಿನಾಯಿತಿ ಪತ್ರ ಪಡೆಯಬೇಕಿತ್ತು. ಈ ಬಿಲ್ಲಿಂಗ್‌ನವರು ಬರೋದಕ್ಕೂ ಮುಂಚೆ ಸಾಕ್ಸ್ ಕಾರ್ಖಾನೆಯ ಒಬ್ಬ ಹೆಂಗಸಿನ ಗಡುವು ನನ್ನ ಕಣ್ತಪ್ಪಿ ಒಂಬತ್ತು ದಿನ ದಾಟಿತ್ತು. ಸರ್ಕಾರದ ಲಕೋಟೆಗಳನ್ನು ಅವರು ಭಯಕ್ಕೆ ಒಡೆದಿರಲಿಲ್ಲ. ನಾನೂ ಕೇಳಿರಲಿಲ್ಲ. ಕಾರಣ ಬರೆದು ಬೇಡಿಕೊಂಡೆವು, ಒಪ್ಪಲಿಲ್ಲ. ಕಾಲೇಜಿನ ಫೀಸು ಸಿಗುತ್ತಿತ್ತು, ಆದರೆ ವಾರದ ಭತ್ಯೆ ಇಲ್ಲದೆ ಬಾಡಿಗೆ ಕಟ್ಟೋದು ಹೇಗೆ? ಅವರು ಓದಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಅಂದಿನಿಂದ ಮೊದಲ ಭೇಟಿಯಲ್ಲೇ ಎಲ್ಲ ಲಕೋಟೆ ಮೇಜಿನ ಮೇಲೆ ಇಡಿಸುತ್ತೇನೆ. ಒಟ್ಟಿಗೆ ಒಡೆಯುತ್ತೇವೆ. ಗಡುವನ್ನು ದಪ್ಪ ಮಾರ್ಕರ್‌ನಲ್ಲಿ ಬರೆದು, ಫ್ರಿಜ್ ಬಾಗಿಲಿಗೆ ಅಂಟಿಸಿ ಅಂತ ಕೊಡುತ್ತೇನೆ.

ಬಿಲ್ಲಿಂಗ್‌ನವರು ಕಮ್ಯುನಿಟಿ ಕಾಲೇಜಿನಲ್ಲಿ ಏಸಿ ರಿಪೇರಿ ಕಲಿಯಲು ಸೇರಿದರು. ನಿರುದ್ಯೋಗ ಭತ್ಯೆಯೂ ಸೇರಿ 130 ವಾರದ ತನಕ ಹಣ ಸಿಗುವ ಅವಕಾಶ ಆಗ ಇತ್ತು. ಐವತ್ತು ದಾಟಿದವರು ಕಡಿಮೆ ಸಂಬಳದ ಕೆಲಸ ಹಿಡಿದರೆ, ಹಳೆ ಸಂಬಳಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಅರ್ಧ ಸಿಗುತ್ತಿತ್ತು. ಎರಡು ವರ್ಷಕ್ಕೆ ಹೆಚ್ಚೆಂದರೆ 10,000 ಡಾಲರ್.

2022ರ ಜುಲೈ 1ರಿಂದ ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿದೆ. ಸಂಸತ್ತು ಯೋಜನೆಯನ್ನು ಮುಂದುವರಿಸಲಿಲ್ಲ. ಇದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಈಗ ಕೆಲಸ ಕಳೆದುಕೊಂಡವರಿಗೆಲ್ಲ ಇರುವ ಸಾಮಾನ್ಯ ನಿಧಿಯಿಂದಲೇ ತರಬೇತಿ ಕೊಡಿಸಬೇಕು. ಹಣ ಕಮ್ಮಿ, ಓದುವಾಗ ಮನೆ ನಡೆಸಲು ಅಷ್ಟು ದಿನದ ಭತ್ಯೆಯೂ ಇಲ್ಲ. ಹಾಗಾಗಿ ಕಾಯುತ್ತಾ ಕೂರೋದಿಲ್ಲ. ದೊಡ್ಡ ಕಂಪನಿಗಳು ಸಾಮೂಹಿಕ ಲೇಆಫ್‌ಗೆ 60 ದಿನ ಮುಂಚೆ ನೋಟಿಸ್ ಕೊಡಬೇಕು. ನೋಟಿಸ್ ಬಂದ ವಾರವೇ ನಾವು ಅಲ್ಲಿಗೆ ಹೋಗುತ್ತೇವೆ. ಪಾಳಿ ಬದಲಾಗುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಒಂದು ಮೇಜು ಹಾಕಿಕೊಂಡು, ಇನ್ನೂ ಸಂಬಳ ಬರುತ್ತಿರುವಾಗಲೇ ಒಬ್ಬೊಬ್ಬರ ಹತ್ತಿರವೂ ಮಾತಾಡುತ್ತೇವೆ.